ಆರನೇ ತಾರೀಖಿನ ಲಾಡು

ಮೂವತ್ತೆರಡು ಮಕ್ಕಳ ಕೈಯಲ್ಲಿ ಮೂವತ್ತೆರಡು ಲಾಡು. ಒಂದು ಮಗುವೂ ಬಾಯಿ ತೆರೆಯಲಿಲ್ಲ. ಅದು 1935ರ ಮೇ ಆರನೇ ತಾರೀಖು, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಿದ ಹಬ್ಬ. ನಿಡಘಟ್ಟದಾಚೆಯ ಆ ಹಳ್ಳಿಯಲ್ಲಿ ಬೆಲ್ಲದ ಚೂರಿಗೂ ಕಿತ್ತಾಡುವ ಮಕ್ಕಳು ಅಂದು ಶಾಲೆಯಲ್ಲಿ ಸಾಲಾಗಿ ಕೂತು ಅಂಗೈಯಲ್ಲಿದ್ದ ಸಿಹಿಯನ್ನು ಸುಮ್ಮನೆ ನೋಡುತ್ತಿದ್ದವು. ಹಬ್ಬದ ಉಸ್ತುವಾರಿಗೆಂದು ಮದ್ದೂರಿನಿಂದ ಬಂದಿದ್ದ ಕಂದಾಯದ ಅಧಿಕಾರಿ, ಶೇಕ್‌ದಾರ್ ಯೋಗಾನರಸಿಂಹಯ್ಯನವರಿಗೆ ಇದು ಸರಿಕಾಣಲಿಲ್ಲ. ಗಾಳಿ ಬೀಸಿದರೂ ಬೀಸಿಸಿದವರು ಯಾರು ಎಂದು ಕೇಳುವ ಮನುಷ್ಯ ಅವರು.

"ಯಾಕ್ರೋ, ಯಾರೂ ತಿಂತಾ ಇಲ್ಲ?"

ಮಕ್ಕಳ ಕಣ್ಣೆಲ್ಲ ಬಾಗಿಲ ಕಡೆ ತಿರುಗಿದವು. ಅಲ್ಲಿ ಚಿಕ್ಕಬೋರಮ್ಮ ಮೊಮ್ಮಗಳು ಮಾಯಮ್ಮನ ಭುಜ ಹಿಡಿದು ನಿಂತಿದ್ದಳು.

"ನಾನೇ ಬ್ಯಾಡ ಅಂದೆ ಬುದ್ಧಿ. ಇದು ಸಾವಿನ ದಿನದ ಲಾಡು. ನಮ್ ಮಾಯಿ ಬೋಲ್ಡು ಓದ್ಬುಟ್ಟು ಯೋಳುದ್ಲು."

ಶೇಕ್‌ದಾರರು ಕರಿಹಲಗೆಯ ಕಡೆ ತಿರುಗಿದರು. ಶಾಲೆಯ ಮೇಷ್ಟರು ಕಸ್ತೂರಿರಂಗನಿಗೆ ಒಂದು ಚಟ. ಆ ತಾರೀಖಿನಂದು ಹಿಂದೆ ಏನೇನು ನಡೆದಿತ್ತು ಎಂದು ದಿನವೂ ಬೆಳಿಗ್ಗೆ ಹಲಗೆಯ ಮೇಲೆ ಬರೆಯದಿದ್ದರೆ ಅವನಿಗೆ ಪಾಠ ಶುರುಮಾಡಿದ ಹಾಗಾಗುವುದಿಲ್ಲ. ಅಂದು ಮೂರು ಸಾಲು ಬರೆದಿದ್ದ. ಮೇ 6, 1529: ಘಾಗ್ರಾ ಕದನದಲ್ಲಿ ಬಾಬರನಿಗೆ ಜಯ. ಮೇ 6, 1910: ಏಳನೆಯ ಎಡ್ವರ್ಡ್ ದೊರೆಯ ಮರಣ. ಮೇ 6, 1910: ಅವರ ಮಗ ಐದನೆಯ ಜಾರ್ಜ್ ದೊರೆಗೆ ಪಟ್ಟ.

"ಏನ್ರೀ ಮೇಷ್ಟ್ರೇ ಇದು? ಸಾವು, ಪಟ್ಟ, ಎರಡನ್ನೂ ಒಂದರ ಕೆಳಗೊಂದು ಯಾಕೆ ಬರೆದಿರಿ?"

"ಎರಡೂ ಒಂದೇ ದಿನ ನಡೆದದ್ದು ಸ್ವಾಮಿ."

"ನಡೆದದ್ದನ್ನೆಲ್ಲ ಬರೀಬೇಕು ಅಂತ ಎಲ್ಲಿದೆ? ಯಾರು ಹೇಳಿಕೊಟ್ಟರು? ಖಾದಿಯವರು ಯಾರಾದರೂ ಬಂದಿದ್ದರಾ ಇಲ್ಲಿಗೆ?"

"ಯಾರೂ ಬಂದಿಲ್ಲ. ಚರಿತ್ರೆ ಪುಸ್ತಕದಲ್ಲೇ ಇದೆ."

"ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿ ಇರುತ್ತೆ ಕಣ್ರೀ," ಎಂದು ಶೇಕ್‌ದಾರರು ಜೇಬಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಮೇಲೆ ತಾಲ್ಲೂಕಿನ ಅಮಲ್ದಾರರ ವಿಳಾಸ, ಅದರ ಕೆಳಗೆ ಕಸ್ತೂರಿರಂಗನ ಹೆಸರು ಬರೆದರು. "ಮಕ್ಕಳು ಈಗ ತಿಂದರೆ ಸರಿ. ಇಲ್ಲದಿದ್ದರೆ ಇದು ಇವತ್ತೇ ಹೋಗುತ್ತೆ. ನಾಳೆಯಿಂದ ನಿಮಗೆ ಕೆಲಸ ಇರಲ್ಲ."

ಈ ಕೆಲಸ ಕೊಡಿಸಲು ಕಸ್ತೂರಿರಂಗನ ಮಾವ ಹತ್ತು ಮನೆ ಬಾಗಿಲು ತಟ್ಟಿದ್ದರು. ಮನೆಯಲ್ಲಿ ಹೆಂಡತಿ ವೇದವತಿ ಏಳು ತಿಂಗಳ ಬಸುರಿ.

ಶೇಕ್‌ದಾರರು ಚಿಕ್ಕಬೋರಮ್ಮನಿಗೆ ಸಮಾಧಾನ ಹೇಳಲು ನೋಡಿದರು. "ಇಂಗ್ಲಿಷಿನವರಲ್ಲಿ ತಿಥಿ ಗಿಥಿ ಎಲ್ಲ ಇಲ್ಲಮ್ಮ. ಅವರ ಪದ್ಧತಿಯೇ ಬೇರೆ."

"ತಿಥಿ ಇಲ್ದಿದ್ರೆ ಬುಡಿ ಬುದ್ಧಿ. ಅಪ್ಪ ಅಂತೂ ಒಬ್ಬ ಇದ್ನಲ್ಲ. ಅಪ್ಪ ಸತ್ತ ದಿನವೇ ಮಗ ಊರೂರಿಗೂ ಲಾಡು ಅಂಚುಸ್ತಾನೆ ಅಂದ್ರೆ ಇದ್ರಲ್ಲಿ ಏನೋ ಐತೆ. ಅಪ್ಪ ಎಂಗೆ ಸತ್ತ?"

"ಕಾಯಿಲೆ."

"ನೋಡ್ದೋರು ಯಾರು?"

ಶೇಕ್‌ದಾರರು ಗದರಬೇಕೆಂದು ಬಾಯಿ ತೆರೆದವರು ಒಂದು ಗಳಿಗೆ ಯೋಚನೆಗೆ ಬಿದ್ದರು. ಹಾಗೆ ಯೋಚಿಸಿದ್ದಕ್ಕೆ ಅವರಿಗೆ ತಮ್ಮ ಮೇಲೇ ಅನುಮಾನ ಬಂತು.

ಅಷ್ಟರಲ್ಲಿ ಕಸ್ತೂರಿರಂಗನಿಗೆ ಏನೋ ಹೊಳೆಯಿತು. "ಸ್ವಾಮಿ, ಒಂದು ಮಾತು. ಎಡ್ವರ್ಡ್ ದೊರೆ ತೀರಿಕೊಂಡದ್ದು ಲಂಡನ್ನಿನಲ್ಲಿ ರಾತ್ರಿ ಹನ್ನೊಂದೂ ಮುಕ್ಕಾಲಿಗೆ. ಅಲ್ಲಿ ರಾತ್ರಿಯಾಗಿದ್ದಾಗ ಇಲ್ಲಿ ಬೆಳಗಾಗಿರುತ್ತೆ. ನಮ್ಮ ಗಡಿಯಾರದಲ್ಲಿ ಆಗ ಐದೂ ಕಾಲು. ಅಂದರೆ ನಮ್ಮೂರಿನ ಮಟ್ಟಿಗೆ ಆ ಸಾವು ಏಳನೇ ತಾರೀಖು. ಇವತ್ತಲ್ಲ, ನಾಳೆ."

ಶೇಕ್‌ದಾರರ ಮುಖ ಅರಳಿತು. ಕಸ್ತೂರಿರಂಗ ಕೆಟ್ಟವನಿರಲಾರ ಎಂದು ಮೊದಲ ಸಲ ಅನ್ನಿಸಿತು.

"ಕೇಳಿದೆಯೇನಮ್ಮ? ಇವತ್ತು ಬರೀ ಆರು. ಸಾವು ನಾಳೆಗೆ. ಇವತ್ತು ಸಿಹಿ ತಿನ್ನೋದಕ್ಕೆ ಏನೂ ಅಡ್ಡಿಯಿಲ್ಲ." ಹಂಚಿ ಮಿಕ್ಕಿದ್ದ ತಟ್ಟೆಯಿಂದ ಒಂದು ಲಾಡು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಇಡಿಯಾಗಿ ಬಾಯಿಗೆ ಹಾಕಿಕೊಂಡರು. ವೈದ್ಯನಾಥಪುರದಿಂದ ಅವರೇ ಅಡುಗೆಯವರನ್ನು ಕರೆಸಿ ಮಾಡಿಸಿದ ಲಾಡು, ತುಪ್ಪಕ್ಕೇನೂ ಕಡಿಮೆ ಮಾಡಿರಲಿಲ್ಲ. ಅವರು ಕಣ್ಣು ಮುಚ್ಚಿ ಅಗಿಯುತ್ತಿದ್ದಂತೆ ಮೂವತ್ತೆರಡು ಕೈ ನಿಧಾನವಾಗಿ ಬಾಯಿಯ ಕಡೆ ಏರಿದವು.

"ತಡೀರ್ಲಾ ಮಕ್ಳಾ," ಎಂದಳು ಚಿಕ್ಕಬೋರಮ್ಮ. ಬೆರಳು ಮಡಿಚಿ ಏನೋ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಸಾವು ನಾಳೀಕಾದ್ರೆ, ಇವತ್ತು ಅಪ್ಪ ಇನ್ನೂ ಬದುಕವ್ನೆ ಅಂತಾಯ್ತಲ್ಲ ಬುದ್ಧಿ. ಅಪ್ಪ ಉಸುರಾಡ್ತಿದ್ದಂಗೇ ಮಗ ಪಟ್ಟಕ್ಕೆ ಬಂದ್ಬುಟ್ನಾ?"

ಕೈಗಳು ಮತ್ತೆ ಮಡಿಲಿಗೆ ಇಳಿದವು. ಶೇಕ್‌ದಾರರು ಅಗಿಯುವುದನ್ನು ನಿಲ್ಲಿಸಿ ಮೇಷ್ಟರನ್ನು ನೋಡಿದರು. ಕಸ್ತೂರಿರಂಗ ನೆಲ ನೋಡುತ್ತಿದ್ದ. ಮಕ್ಕಳೂ ಚಿಕ್ಕಬೋರಮ್ಮನೂ ತಮ್ಮ ಉಬ್ಬಿದ ಕೆನ್ನೆಯನ್ನೇ ನೋಡುತ್ತಿರುವುದು ಗೊತ್ತಾಗಿ, ಅವರು ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದರು. ಅಮಲ್ದಾರರ ವಿಳಾಸದ ಮೇಲೆ, ಕಸ್ತೂರಿರಂಗನ ಹೆಸರಿನ ಮೇಲೆ ಲಾಡನ್ನು ಪೂರ್ತಿ ಉಗಿದು, ಹಾಳೆಯನ್ನು ಮುದುರಿ ಕಿಟಕಿಯಾಚೆ ಎಸೆದರು.