ಬೂದಿ ಬೀಳದ ಬೆಳಗು

ತೋಫು ಮಾರುವ ದಲ್-ಹೋನ ಬೈಕು ಹಿಮ ಹೆಪ್ಪುಗಟ್ಟಿದ್ದ ಓಣಿಯ ಇಳಿಜಾರಿನಲ್ಲಿ ಜಾರಿ ಗೋಡೆಗೆ ಬಡಿದಾಗ ಅವನ ಕಾಲು ಅದರಡಿ ಸಿಕ್ಕಿಕೊಂಡಿತು. ಓಡಿಬಂದ ಅದೇ ಓಣಿಯ ಒಕ್-ಬುನ್ ತನ್ನ ಶಾಲನ್ನು ಅವನ ಒಡೆದ ಹಣೆಗೆ ಒತ್ತಿ ಹಿಡಿದಳು.

"ಜಾರದ ಹಾಗೆ ಬೂದಿ ಹಾಕ್ಸೋಕೇನು ರೋಗ ಈ ವಾರ್ಡ್ ಆಫೀಸಿನೋರಿಗೆ? ದಿನಾ ಹಾಕ್ಸೋರು!"

"ಆಫೀಸಿನೋರಾ? ಅವರಿಗೆ ಈ ಓಣಿ ಇರೋದೇ ಗೊತ್ತಿಲ್ಲ ಅಕ್ಕ," ದಲ್-ಹೋ ಹಲ್ಲು ಕಚ್ಚಿಕೊಂಡು ಹೇಳಿದ. "ತುದಿಮನೆ ಅಜ್ಜ ತನ್ನ ಒಲೆ ಬೂದಿ ತಂದು ಚೆಲ್ತಿದ್ದ. ಇವತ್ತು ಚೆಲ್ಲಿಲ್ಲ."

ಆ ಮುದುಕನನ್ನು ಒಕ್-ಬುನ್ ಒಂದು ದಿನವೂ ಮಾತಾಡಿಸಿದವಳಲ್ಲ. ಆಂಬುಲೆನ್ಸಿಗೆ ಫೋನು ಮಾಡಿದ ಅಂಗಡಿಯವಳಿಗೆ ದಲ್-ಹೋನನ್ನು ಒಪ್ಪಿಸಿ, ಗೋಡೆ ಹಿಡಿದುಕೊಂಡು ಮೇಲಿನ ತುದಿಮನೆಗೆ ಹತ್ತಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಲೆ ಆರಿ ತಣ್ಣಗಾದ ಕೋಣೆಯಲ್ಲಿ ಮುದುಕ ಹಾಸಿಗೆ ಹಿಡಿದಿದ್ದ. ಬಂದವರು ಯಾರೆಂದೂ ಅವನು ಕೇಳಲಿಲ್ಲ.

"ಜ್ವರ ಕಣಮ್ಮ, ಏಳಕ್ಕೇ ಆಗ್ಲಿಲ್ಲ. ಒಲೇನೂ ಹಚ್ಚಿಲ್ಲ, ಬೂದೀನೂ ಇಲ್ಲ. ರಸ್ತೇಲಿ ಯಾರಾದ್ರೂ ಬಿದ್ರಾ?"

ಕೆಳಗೆ ಆಂಬುಲೆನ್ಸ್ ಕೂಗುತ್ತ ಬರುತ್ತಿತ್ತು. ಒಕ್-ಬುನ್ ಬಾಗಿಲನ್ನು ಭದ್ರವಾಗಿ ಮುಚ್ಚಿ ಬಂದು ಅವನ ಪಕ್ಕ ಕೂತಳು.

"ಇಲ್ಲ ಅಜ್ಜ," ಎಂದಳು. "ಯಾರೂ ಬಿದ್ದಿಲ್ಲ."