ಗಿರಣಿ ಮಾತು

ಶಾಂತವ್ವ ಶೇಂಗಾ ಚಟ್ನಿಪುಡಿಗೆ ಮಿಕ್ಸರ್ ತಿರುವುತ್ತಿದ್ದಳು. ಕ್ಯಾರಲ್ಟನ್ನಿನ ಮಗನ ಮನೆಯ ಆ ಅಡುಗೆಮನೆಯಲ್ಲಿ ಮಿಕ್ಸರ್ ಶುರುವಾದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆ ಧೈರ್ಯದಲ್ಲೇ, ಎದುರಿಗೆ ಹಾಳೆ ಪೆನ್ನು ಹಿಡಿದು ಕೂತಿದ್ದ ಮೊಮ್ಮಗಳು ಐಶ್ವರ್ಯಾ ಗೊಣಗಿದಳು: "ಷಿ ವಿಲ್ ನೆವರ್ ಫಿನಿಷ್ ದಿಸ್ ಲೆಟರ್."

"ಮುಗಸ್ತೀನಿ ತಡಿಯವ್ವಾ. ನನ್ನ ಬೈಯೂದಿದ್ರ ಮಾರಿ ಆಚೆ ತಿರುಗಿಸಿ ಬೈ," ಶಾಂತವ್ವ ಮಿಕ್ಸರಿಗಿಂತ ಜೋರಾಗಿ ಕೂಗಿದಳು.

ಹುಡುಗಿ ಬೆಚ್ಚಿ ಮಿಕ್ಸರ್ ಆರಿಸಿದಳು. "ಅಜ್ಜಿ! ಇದ್ರಲ್ಲಿ ಹೇಗೆ ಕೇಳಿಸ್ತು?"

"ಕೇಳಸಲಿಲ್ಲ. ನೋಡಿದೆ. ಹಿಲ್ಡಾ ಕಲಿಸಿದ ವಿದ್ಯಾ."

ಹಿಲ್ಡಾಳ ಊರು ಥಾರ್ನ್‌ಬೆಕ್, ಇಂಗ್ಲೆಂಡಿನ ಒಂದು ಸಂತೆ ಊರು. ಮೊದಲು ಅಲ್ಲಿ ಮಂಗಳವಾರದ ಸಂತೆಗೆ ಕುರಿಯುಣ್ಣೆ ಬರುತ್ತಿತ್ತಂತೆ. ಆಮೇಲೆ ಹೊಳೆಯ ನೀರಿಗೆ ಗಾಲಿ ತಿರುಗಿದವು, ಚಿಮಣಿ ಎದ್ದವು, ಊರಿಗೆ ಊರೇ ಗಿರಣಿಯ ಸೀಟಿಗೆ ಏಳುವ, ಮಲಗುವ ಹಾಗಾಯಿತು. ಗುಳೇದಗುಡ್ಡದ ನೇಕಾರರ ಮನೆಯ ಶಾಂತವ್ವ ಗಂಡ ಅಣ್ಣಾಸಾಹೇಬನ ಬೆನ್ನು ಹಿಡಿದು ಅಲ್ಲಿಗೆ ಹೋದಾಗ ಇಂಗ್ಲಿಷಿನ ಗಂಧವೂ ಇರಲಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಗಂಟಲು ಹರಿದುಕೊಂಡರೂ ದಂಡ. ಅಲ್ಲಿನ ಹೆಂಗಸರು ದನಿಯಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು. ಪಕ್ಕದ ಮಗ್ಗದ ಹಿಲ್ಡಾ ಅವಳಿಗೆ ಇಂಗ್ಲಿಷ್ ಕಲಿಸಿದ್ದು ಹಾಗೆಯೇ. ಸಂತೆಯಲ್ಲಿ ಹಿಲ್ಡಾ ಬಾಯಿಬಿಟ್ಟು ಮಾತಾಡಿದರೆ ಶಾಂತವ್ವನಿಗೆ ಏನೂ ತಿಳಿಯುತ್ತಿರಲಿಲ್ಲ. ಕಡೆಗೆ ಆಲೂಗಡ್ಡೆ ರಾಶಿಯ ಮುಂದೆಯೂ ಇಬ್ಬರೂ ತುಟಿ ಆಡಿಸುತ್ತ ನಿಂತು ನಗುವರು. ಅತ್ತೆಯ ಕಾಟ, ಬಸುರಿನ ಬಯಕೆ, ಸತ್ತು ಹುಟ್ಟಿದ ಕೂಸು, ಯಾವುದನ್ನೂ ಅವರು ಸದ್ದು ಮಾಡಿ ಹೇಳಿಕೊಂಡವರಲ್ಲ.

ಗಿರಣಿ ಮುಚ್ಚಿತು. ಶಾಂತವ್ವ ಗಂಡನೊಡನೆ ಹ್ಯೂಸ್ಟನ್ನಿಗೆ ಬಂದಳು, ಗಂಡ ಹೋದ ಮೇಲೆ ಮಗನ ಮನೆಗೆ. ಹೋದ ವರ್ಷ ಹಿಲ್ಡಾಳ ಕಾಗದ ಬಂತು: ಗಿರಣಿ ಕೆಡವಿದರು. ನನಗೆ ಕಿವಿ ಪೂರ್ತಿ ಹೋಯಿತು, ಫೋನು ದಂಡ. ನಮ್ಮ ಮಗ್ಗದ ಸಾಲಿನವರಲ್ಲಿ ಉಳಿದವರು ನೀನು, ನಾನು. ಇಲ್ಲಿ ಮಾತಿಗೆ ಯಾರೂ ಇಲ್ಲ.

"'ಐ ಆಮ್ ಫೈನ್' ಅಂತ ಬರೆದಿದೀನಿ. ನೆಕ್ಸ್ಟ್?" ಎಂದಳು ಐಶ್ವರ್ಯಾ.

"ಅದನ್ನ ಹೊಡದ ಹಾಕು. ಅದು ಡಾಕ್ಟರಿಗೆ ಹೇಳೂ ಮಾತು. ವರ್ಷಾತು, ಬರಸಾಕ ಕುಂತ್ರ ಒಂದ ಮಾತೂ ಹೊಂಡವಲ್ದು. ಹಿಲ್ಡಾನ ಮಾರಿ ಕಾಣಬೇಕವ್ವಾ ನನಗ."

"ಹಾಗಾದ್ರೆ ವಿಡಿಯೋ ಕಾಲ್ ಮಾಡಿ! ಅವರ ಮನೇಲಿ ಯಾರ ಹತ್ರಾನೂ ಸ್ಮಾರ್ಟ್‌ಫೋನ್ ಇಲ್ವಾ?"

"ಮೊಮ್ಮಗ ಅದಾನ, ಫೋನ್ ತಬ್ಬಿಕೊಂಡ ಮಲಗ್ತಾನಂತ. ಆದ್ರ ಹುಚ್ಚಿ, ಆಕಿಗೆ ಕಿವಿನ..."

ಶಾಂತವ್ವ ಮಿಕ್ಸರಿನ ಕಡೆ ನೋಡಿ ತನ್ನ ತುಟಿ ಮುಟ್ಟಿಕೊಂಡಳು. ಐಶ್ವರ್ಯಾ ಅಜ್ಜಿಯ ಮುಖ ನೋಡಿದಳು. ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಬರಿ," ಎಂದಳು, "ಲಗೂ ಬರಿ."

ಮಧ್ಯಾಹ್ನದ ಬಿಸಿಲಲ್ಲೇ ಇಬ್ಬರೂ ರಸ್ತೆಯ ತುದಿಯವರೆಗೆ ನಡೆದು ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದರು. ಕಾಗದದ ಕೆಳಗೆ ಐಶ್ವರ್ಯಾಳ ಫೋನ್ ನಂಬರು. ಮೇಲೆ ಇಷ್ಟೇ:

"ಹಿಲ್ಡಾ, ಈ ಕಾಗದ ಸಿಕ್ಕ ಮೇಲೆ ಬರುವ ಮಂಗಳವಾರ ನಿನ್ನ ಮೊಮ್ಮಗನಿಗೆ ಫೋನು ಹಿಡಿದು ಎದುರಿಗೆ ಕೂರಲು ಹೇಳು. ಹಲ್ಲಿನ ಸೆಟ್ಟು ಹಾಕಿಕೊಂಡಿರು. ಇಲ್ಲದಿದ್ದರೆ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ."