ಗೂಬೆ ಕೊಳ್ಳುತ್ತಿದೆ

ಸತ್ತವನು ಮತ್ತೆ ಕೊಂಡ.

ಪರದೆಯ ಮೇಲೆ ‘ಮಿಣುಕು’ ಎಂಬ ಕ್ರಿಪ್ಟೋ ನಾಣ್ಯದ ಬೆಲೆ ಜಾರಿತು, ತಡವರಿಸಿತು. ಮರುಕ್ಷಣವೇ ಕೊಳ್ಳುವವರ ಸಾಲಿನಲ್ಲಿ ಪುಟ್ಟ ಗೂಬೆಯೊಂದು ಮೂಡಿತು. ಆ ಸಣ್ಣ ವಿನಿಮಯ ತಾಣದಲ್ಲಿ ಯಾರ ಹೆಸರೂ ಕಾಣುವುದಿಲ್ಲ; ಖಾತೆಗೊಂದು ಚಿತ್ರ, ಅಷ್ಟೇ. ಗೂಬೆ, ಪರದೆ ನೋಡುತ್ತಿದ್ದವಳ ಅಣ್ಣನದು. ಅಣ್ಣ ಮಣ್ಣಾಗಿ ತಿಂಗಳುಗಳೇ ಕಳೆದಿದ್ದವು.

ತಂಗಿ ಅವನದೇ ಕುರ್ಚಿಯಲ್ಲಿ ಕುಳಿತಿದ್ದಳು. ಬೀಳಲಿರುವ ನಾಣ್ಯಗಳನ್ನು ಗುರುತಿಸುವುದು ಅವಳ ಕಸುಬು. ನಾಣ್ಯಗಳನ್ನು ತಾಣದಿಂದ ಎರವಲು ಪಡೆಯಬೇಕು, ಕೂಡಲೇ ಮಾರಬೇಕು, ಬೆಲೆ ಕುಸಿದಾಗ ಅಗ್ಗಕ್ಕೆ ಕೊಂಡು ಎರವಲು ತೀರಿಸಬೇಕು. ನಡುವಿನ ಅಂತರವೇ ಲಾಭ. ಈ ವಿದ್ಯೆ ಕಲಿಸಿದವನು ಅಣ್ಣನೇ. ಕಲಿಸಿದ ಮೇಲೆ ತಾನು ಅದನ್ನು ಬಿಟ್ಟೆನೆಂದ. ಮಿಣುಕಿನ ಗುಣಗಾನಕ್ಕೆ ನಿಂತ. ಮಿಣುಕು ಬೀಳುತ್ತದೆಂದು ತಂಗಿ ಪಣ ಕಟ್ಟಿದ ದಿನ, “ನಿನ್ನ ನೆರಳು ಅದರ ಮೇಲೆ ಬೀಳಬಾರದು” ಎಂದವನು ಆಮೇಲೆ ಅವಳೊಡನೆ ಮಾತನಾಡಲೇ ಇಲ್ಲ.

ಗೂಬೆಯ ಈ ಖರೀದಿಗಳೆಲ್ಲ ಬದುಕಿದ್ದಾಗ ಅವನು ಇಟ್ಟುಹೋದ ಆದೇಶಗಳು; ಬೆಲೆ ಇಂತಿಷ್ಟು ಇಳಿದರೆ ತಾವಾಗಿಯೇ ಕೊಳ್ಳುತ್ತವೆ. ಅವಳ ತಲೆಗೆ ಅದು ಗೊತ್ತಿತ್ತು. ಬೆನ್ನಿಗೆ ಗೊತ್ತಿರಲಿಲ್ಲ. ಗೂಬೆ ಮೂಡಿದಾಗಲೆಲ್ಲ ಕುರ್ಚಿಯ ಹಿಂದಿನಿಂದ ಯಾರೋ ಬಾಗಿ ನೋಡಿದಂತಾಗುತ್ತಿತ್ತು.

“ಬಂದ್ರಾ?” ಚಹಾ ಹಿಡಿದು ಬಾಗಿಲಲ್ಲಿ ನಿಂತ ಅತ್ತಿಗೆ ಕೇಳಿದಳು.

“ಬಂದ.”

“ಏರಿದ ದಿನ ಎಲ್ರಿಗೂ ಫೋನ್ ಮಾಡಿ ‘ಕೊಳ್ಳಿ, ಕೊಳ್ಳಿ’ ಅನ್ನೋರು. ಬಿದ್ದ ದಿನ ಸಿಳ್ಳೆ ಹಾಕ್ಕೊಂಡು ಗಡ್ಡ ಬೋಳಿಸ್ಕೊಳ್ಳೋರು. ಎಂಥಾ ನಂಬಿಕೆ ನೋಡು, ಪುಟ್ಟೀ.” ಅತ್ತಿಗೆ ಲೋಟ ಇಟ್ಟಳು. “ಮಗಳ ಓದಿಗೆ ಅಂತ ಬ್ಯಾಂಕಲ್ಲಿ ಇಟ್ಟಿದ್ದೀನಲ್ಲ, ಅದನ್ನೂ ಮಿಣುಕಿಗೇ ಹಾಕ್ಲಾ? ಬೇಡ ಅಂತ ನೀನು ಹೇಳಿದ್ರೆ ಬಿಡ್ತೀನಿ.”

“ಅದು ಬಿದ್ರೆ ನನಗೆ ಲಾಭ, ಅತ್ತಿಗೆ. ನನ್ನನ್ನ ಕೇಳ್ತೀರಾ?”

“ನಿನ್ನಷ್ಟು ತಿಳಿದೋರು ಈ ಮನೇಲಿ ಇನ್ಯಾರಿದ್ದಾರೆ?”

“ನಾಳೆ ಹೆಚ್ಚುಕಡಿಮೆ ಆದ್ರೆ ನನ್ನ ಮೇಲೆ ಗೂಬೆ ಕೂರಿಸ್ತೀರಿ.”

“ಅದು ಆಗ್ಲೇ ಕೂತಿದೆಯಲ್ಲ!” ಅತ್ತಿಗೆ ನಕ್ಕಳು. ಕಣ್ಣು ನಗಲಿಲ್ಲ.

ಬೆಲೆ ಮತ್ತೆ ಜಾರಿತು. ಗೂಬೆ. ಇನ್ನಷ್ಟು ಜಾರಿತು. ಮತ್ತೆ ಗೂಬೆ. ಲೋಕವೆಲ್ಲ ಕೈ ಕೊಡವಿ ಮಾರುತ್ತಿರುವಾಗ ಕೊಳ್ಳಲು ನಿಂತವನು ಒಬ್ಬನೇ, ಉಸಿರಿಲ್ಲದವನು. ಅವನು ಎತ್ತಿ ಹಿಡಿದದ್ದನ್ನು ತಾನು ಕೆಳಗೆ ಎಳೆಯುತ್ತಿದ್ದೇನೆ ಎನ್ನಿಸಿತು ಅವಳಿಗೆ.

ಅವಳು ಅಲ್ಲಿಯೇ ಸೋಲೊಪ್ಪಿದಳು. ಎರವಲು ತಂದಿದ್ದಷ್ಟೂ ಮಿಣುಕನ್ನು ಕೊಂಡು ಹಿಂತಿರುಗಿಸಿ, ತನ್ನ ಪಣ ಮುಚ್ಚಿದಳು.

“ಹಾಕಿ, ಅತ್ತಿಗೆ. ಸತ್ತ ಮೇಲೂ ಅವನೇ ಬೆನ್ನಿಗೆ ನಿಂತಿರುವಾಗ ಬೇಡ ಅನ್ನೋಕೆ ನಾನ್ಯಾರು?”

ಅತ್ತಿಗೆ ಸೆರಗಿನಿಂದ ಬೆರಳು ಒರೆಸಿಕೊಂಡು ಫೋನಿನ ಗುಂಡಿ ಒತ್ತಿದಳು. ಮಗಳ ಓದು ಮಿಣುಕಾಯಿತು.

ಚಹಾ ಆರುವ ಮೊದಲೇ ಅದೇ ಫೋನು ಸದ್ದು ಮಾಡಿತು. ತಾಣದವರ ಸಂದೇಶ. ಅತ್ತಿಗೆ ಅಲೆದಲೆದು ಕೇಳಿಕೊಂಡದ್ದು ಕೊನೆಗೂ ಕೈಗೂಡಿತ್ತು: ಗಂಡನ ಖಾತೆ ಹೆಂಡತಿಗೆ ತೆರೆದಿತ್ತು.

“ನಮಗೋಸ್ಕರ ಎಷ್ಟು ಮಿಣುಕು ಕೂಡಿಟ್ಟಿದ್ದಾರೋ! ನೀನೇ ತೆಗೆದು ನೋಡು, ಪುಟ್ಟೀ.”

ತಂಗಿ ತೆರೆದಳು. ಓದಿದಳು. ಕುರ್ಚಿಯ ಹಿಂದೆ ಯಾರೋ ಸಿಳ್ಳೆ ಹಾಕಿದಂತಾಯಿತು.

ಖಾತೆಯಲ್ಲಿ ಒಂದೇ ಒಂದು ಮಿಣುಕೂ ಇರಲಿಲ್ಲ. ಗೂಬೆ ಕೊಂಡದ್ದೆಲ್ಲವೂ ಅವಳು ಕೊಂಡದ್ದರಂತೆಯೇ, ಅವನೇ ಪಡೆದಿದ್ದ ಎರವಲು ತೀರಿಸಲು ಹೋಗಿತ್ತು; ಇನ್ನೂ ಕಾದು ಕುಳಿತಿದ್ದ ಅಣ್ಣನ ಕೊನೆಯ ಆದೇಶದಲ್ಲಿ ಕೊಳ್ಳಬೇಕಾದ ಬೆಲೆ ಹೆಚ್ಚುಕಡಿಮೆ ಸೊನ್ನೆಯಾಗಿತ್ತು.